ರೇವಾಸಾಗರ ಸಂಗಮದ ದೋಣಿಯಾನ: ನರ್ಮದಾ ಪರಿಕ್ರಮದ ಯಾತ್ರಿಕರಿಗೆ ಮಾರ್ಗದರ್ಶಿ

ಅಮರಕಂಟಕದಲ್ಲಿ ಹುಟ್ಟಿ, ಸುಮಾರು 1,312 ಕಿ.ಮೀ. ಪಶ್ಚಿಮಕ್ಕೆ ಹರಿದು, ಗುಜರಾತಿನ ಭರೂಚ್ ಜಿಲ್ಲೆಯಲ್ಲಿ ಖಂಭಾತ್ ಕೊಲ್ಲಿಯನ್ನು ಸೇರುವ ನರ್ಮದೆಯನ್ನು ಬಲಕ್ಕಿಟ್ಟುಕೊಂಡು ಕಾಲ್ನಡಿಗೆಯಲ್ಲಿ ಪ್ರದಕ್ಷಿಣೆ ಬರುವ ವ್ರತವೇ ನರ್ಮದಾ ಪರಿಕ್ರಮ. ಈ ವ್ರತವನ್ನು ಕೈಗೊಂಡವರನ್ನು ಪರಿಕ್ರಮಾವಾಸಿಗಳೆಂದು ಕರೆಯುತ್ತಾರೆ. ಅವರು ಉಪನದಿಗಳನ್ನು ದಾಟಬಹುದು, ಆದರೆ ನರ್ಮದೆಯನ್ನು ಮಾತ್ರ ಎಲ್ಲಿಯೂ ದಾಟುವಂತಿಲ್ಲ. ಆದ್ದರಿಂದಲೇ ಅಂಕಲೇಶ್ವರ ಮತ್ತು ಭರೂಚ್‌ಗಳ ನಡುವೆ 1881ರಲ್ಲಿ ಪೂರ್ಣಗೊಂಡ ಗೋಲ್ಡನ್ ಬ್ರಿಜ್‌ನಂತಹ ಸೇತುವೆಗಳಿದ್ದರೂ ಅವುಗಳನ್ನು ಬಳಸದೆ, ದಕ್ಷಿಣ ದಡದ ವಿಮಲೇಶ್ವರದವರೆಗೆ ನಡೆದು, ಅಲ್ಲಿಂದ ದೋಣಿಯೇರಿ, ಅಳಿವೆಯಾಚೆಯ ಸಮುದ್ರವನ್ನು ಬಳಸಿಕೊಂಡು ಉತ್ತರ ದಡದ ಮೀಠಿ ತಲಾಯಿಯನ್ನು ತಲುಪುವ ಪದ್ಧತಿಯಿದೆ. ರೇವಾ ಎಂಬುದು ನರ್ಮದೆಯ ಇನ್ನೊಂದು ಹೆಸರಾದುದರಿಂದ ಈ ಸ್ಥಳಕ್ಕೆ ರೇವಾಸಾಗರ ಸಂಗಮವೆಂಬ ಹೆಸರು ಬಂದಿದೆ.

ಕಾಲ ಮತ್ತು ಆರಂಭ

ಮಳೆಗಾಲದ ಚಾತುರ್ಮಾಸ್ಯದಲ್ಲಿ ಪರಿಕ್ರಮಾವಾಸಿಗಳು ಒಂದೆಡೆ ನೆಲೆನಿಲ್ಲುವುದು ಸಂಪ್ರದಾಯವಾದ್ದರಿಂದ, ಕಾರ್ತಿಕ ಶುಕ್ಲ ಏಕಾದಶಿಯ ಅನಂತರ ಹೊರಡುವವರೇ ಹೆಚ್ಚು. ಕರ್ನಾಟಕದಿಂದ ಹೋಗುವವರು ಇಂದೋರ್ ಅಥವಾ ಖಾಂಡ್ವಾ ಮಾರ್ಗವಾಗಿ ಓಂಕಾರೇಶ್ವರವನ್ನು ಸೇರಿ, ಅಲ್ಲಿ ಸಂಕಲ್ಪ ಮಾಡಿ, ಪುಟ್ಟ ಬಾಟಲಿಯಲ್ಲಿ ನರ್ಮದಾಜಲವನ್ನು ತುಂಬಿಕೊಂಡು, ದಕ್ಷಿಣ ದಡದಲ್ಲಿ ಪಶ್ಚಿಮಾಭಿಮುಖವಾಗಿ ನಡೆಯತೊಡಗಬಹುದು. ದಾರಿಯುದ್ದಕ್ಕೂ ಆಶ್ರಮಗಳಲ್ಲಿಯೂ ಗ್ರಾಮಸ್ಥರ ಮನೆಗಳಲ್ಲಿಯೂ ಊಟ ವಸತಿಗಳು ದೊರೆಯುತ್ತವೆ. ಸ್ವತಃ ಅಡುಗೆ ಮಾಡಿಕೊಳ್ಳುವವರಿಗೆ ಅಕ್ಕಿ, ಹಿಟ್ಟು, ಬೇಳೆಗಳನ್ನು ದಾನವಾಗಿ ಕೊಡುವ ವ್ಯವಸ್ಥೆಗೆ ಸದಾವ್ರತವೆನ್ನುತ್ತಾರೆ.

ಉಬ್ಬರದ ಲೆಕ್ಕ

ಖಂಭಾತ್ ಕೊಲ್ಲಿಯು ಭಾರತದಲ್ಲಿಯೇ ಅತ್ಯಂತ ಎತ್ತರದ ಉಬ್ಬರವಿಳಿತಗಳನ್ನು ಕಾಣುವ ಪ್ರದೇಶ. ಭಾವನಗರದ ಬಳಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ 10 ಮೀಟರುಗಳನ್ನು ಮೀರುತ್ತದೆ. ಇಳಿತದಲ್ಲಿ ನೀರು ಬಹುದೂರ ಹಿಂದೆ ಸರಿದು ಕೆಸರಿನ ಬಯಲಷ್ಟೇ ಉಳಿಯುವುದರಿಂದ, ಉಬ್ಬರ ಏರಿದಾಗ ಮಾತ್ರ ದೋಣಿಗಳು ಹೊರಡಬಲ್ಲವು. ಉಬ್ಬರವು ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಬಂದು, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ, ಇಂದು ಹಗಲಿನಲ್ಲಿ ಹೊರಟ ದೋಣಿ ಕೆಲವು ದಿನಗಳ ಬಳಿಕ ನಡುರಾತ್ರಿಯಲ್ಲಿ ಹೊರಡಬೇಕಾಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವಿಳಿತಗಳೆರಡೂ ತೀವ್ರವಾಗುವುದರಿಂದ, ಪಂಚಾಂಗದಲ್ಲಿ ತಿಥಿ ನೋಡಿಕೊಳ್ಳುವುದು ಇಲ್ಲಿ ಆಚರಣೆಗಷ್ಟೇ ಅಲ್ಲದೆ ಪ್ರಯಾಣಕ್ಕೂ ಅಗತ್ಯ.

ದೋಣಿಗೆ ಸಿದ್ಧತೆ

ವಿಮಲೇಶ್ವರವನ್ನು ತಲುಪಿದ ಕೂಡಲೇ ಯಾತ್ರಿಕರು ಹೆಸರು ನೋಂದಾಯಿಸಿ, ಹೊರಡುವ ಸಮಯವನ್ನು ಕೇಳಿ ತಿಳಿದುಕೊಳ್ಳಬೇಕು. ಒಂದೆರಡು ದಿನ ಕಾಯಬೇಕಾಗಿ ಬಂದೀತೆಂದು ಮೊದಲೇ ಲೆಕ್ಕ ಹಾಕಿಕೊಂಡು, ಮುಂದಿನ ರೈಲು ಟಿಕೆಟ್ಟನ್ನು ಆ ದಿನಕ್ಕೆ ಕಟ್ಟಿಹಾಕದಿರುವುದು ಲೇಸು. ಯಾನಕ್ಕೆ ಮೂರು ನಾಲ್ಕು ಗಂಟೆ ಹಿಡಿಯುವುದುಂಟು, ಸುತ್ತಲಿನ ನೀರೆಲ್ಲ ಉಪ್ಪು. ಆದ್ದರಿಂದ ಕುಡಿಯುವ ನೀರು, ಒಣ ತಿಂಡಿ, ತಲೆಗೆ ಬಟ್ಟೆ, ರಾತ್ರಿಯ ಚಳಿಗೆ ಶಾಲು ಹಾಗೂ ಟಾರ್ಚು ಜೊತೆಯಲ್ಲಿರಬೇಕು. ಹತ್ತುವಾಗಲೂ ಇಳಿಯುವಾಗಲೂ ಕೆಸರಿನಲ್ಲಿ ನಡೆಯಬೇಕಾಗಬಹುದಾದುದರಿಂದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಗುರುತಿನ ಚೀಟಿ, ಔಷಧಿ ಮತ್ತು ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಸುತ್ತಿಟ್ಟುಕೊಳ್ಳಬೇಕು. ಸಮುದ್ರಯಾನದಲ್ಲಿ ವಾಕರಿಕೆ ಬರುವವರು ವೈದ್ಯರನ್ನು ಕೇಳಿ ಮಾತ್ರೆ ತಂದಿರಬೇಕು. ಜೀವರಕ್ಷಕ ಜಾಕೆಟ್ ಕೇಳಿ ತೊಡುವುದಕ್ಕೂ, ಜನ ಮಿತಿಮೀರಿದ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯುವುದಕ್ಕೂ ಸಂಕೋಚಪಡಬಾರದು. ವ್ರತದ ಯಾವ ನಿಯಮವೂ ಅವಸರವನ್ನು ವಿಧಿಸಿಲ್ಲ.

ಸಂಗಮದಲ್ಲಿ ಯಾತ್ರಿಕರು ತಂದ ನರ್ಮದಾಜಲದ ಒಂದು ಭಾಗವನ್ನು ಸಮುದ್ರಕ್ಕೆ ಅರ್ಪಿಸಿ, ಅಷ್ಟೇ ಸಮುದ್ರದ ನೀರನ್ನು ಬಾಟಲಿಗೆ ಸೇರಿಸಿಕೊಳ್ಳುವ ರೂಢಿಯಿದೆ. ಅಲ್ಲಿಯವರೆಗೆ ಪಶ್ಚಿಮಕ್ಕೆ ಮುಖಮಾಡಿದ್ದ ನಡಿಗೆ ಮೀಠಿ ತಲಾಯಿಯಿಂದ ಪೂರ್ವಕ್ಕೆ ತಿರುಗುತ್ತದೆ. ದಿಕ್ಕು ಬದಲಾದರೂ ನದಿಯು ಮೊದಲಿನಂತೆಯೇ ಬಲಕ್ಕಿರುತ್ತದೆ.