ಗೆಳೆಯ ಎಚ್ಚರ ತಪ್ಪಿದಾಗ

2025ರ ಮಾರ್ಚ್‌ನಲ್ಲಿ ಮಂಗಳೂರು ಸಿಸಿಬಿ ಪೊಲೀಸರು ಬೆಂಗಳೂರಿಗೆ ಹೋಗಿ ವಶಪಡಿಸಿಕೊಂಡ ಎಂಡಿಎಂಎ ಎಂಬ ಮಾದಕ ವಸ್ತು 37 ಕಿಲೋಗೂ ಹೆಚ್ಚು. ಗ್ರಾಂ ಲೆಕ್ಕದಲ್ಲಿ ಬಿಕರಿಯಾಗುವ ವಿಷ ಇದು. ಇಂಥದ್ದಕ್ಕೆ ಗಿರಾಕಿಗಳನ್ನು ಹುಡುಕುವವರ ಕಣ್ಣು ನಮ್ಮ ಕಾಲೇಜು, ಪಿ.ಜಿ.ಗಳ ಮೇಲಿದೆ.

ಪರವೂರಿನಿಂದ ಓದಲು ಬಂದ ಮಕ್ಕಳೇ, ಮೊದಲ ಸಲ ಪುಕ್ಕಟೆ ಕೊಡುವವನು ಹೆಚ್ಚಾಗಿ ಪರಿಚಯದವನೇ. ಬೇಡ ಎಂದುಬಿಡಿ, ಕಾರಣ ಹೇಳಬೇಕಾಗಿಲ್ಲ.

ರೂಮಿನಲ್ಲಿ ಗೆಳೆಯನೊಬ್ಬ ಕುಡಿದೋ ಮಾತ್ರೆ ನುಂಗಿಯೋ ಎಚ್ಚರ ತಪ್ಪಿದರೆ, ‘ಮಲಗಲಿ, ಇಳಿಯುತ್ತದೆ’ ಎಂದು ಬಿಟ್ಟು ಹೋಗಬೇಡಿ. ಅಂಗಾತ ಬಿದ್ದವನ ವಾಂತಿ ಶ್ವಾಸನಾಳಕ್ಕಿಳಿದರೆ ಉಸಿರೇ ಕಟ್ಟುತ್ತದೆ. ಮಗ್ಗುಲಿಗೆ ಹೊರಳಿಸಿ, 108ಕ್ಕೆ ಕರೆ ಮಾಡಿ, ಪಕ್ಕದಲ್ಲೇ ಇರಿ. ಮಜ್ಜಿಗೆ, ಲಿಂಬೆರಸ ಕುಡಿಸುವ ಸಾಹಸ ಬೇಡವೇ ಬೇಡ. ಏನು ಸೇವಿಸಿದ್ದ ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಚಟ ಅಂಟಿಸಿಕೊಂಡವರು ಕೇಸಿಗೆ ಹೆದರಿ ಅಡಗುತ್ತಾರೆ. ಆದರೆ ತಾನಾಗಿ ಮುಂದೆ ಬಂದು, ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಪೂರ್ತಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಸೇವನೆಯ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಮಂಗಳೂರಿನ ಹಂಪನಕಟ್ಟೆಯಲ್ಲೇ ಸರಕಾರಿ ವೆನ್ಲಾಕ್ ಆಸ್ಪತ್ರೆಯಿದೆ. ನೇರ ಹೋಗಲು ಸಂಕೋಚವಾದರೆ, ನಾಳೆಗೆ ಮುಂದೂಡದೆ ಇವತ್ತೇ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತ ಕರೆ ಮಾಡಿ ಮಾತಾಡಿ.