ಗಾಳಿಕೋವಿಯ ಗಾಳಿ ಎಲ್ಲಿ ಸೋರುತ್ತದೆ?

2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಅವರು ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆಯಲ್ಲಿ ಬಳಸುವಂಥ ಗಾಳಿಕೋವಿಗಳಲ್ಲಿ ಮೊದಲೇ ಅದುಮಿ ತುಂಬಿದ ಗಾಳಿಯಿರುತ್ತದೆ. ಅದರ ಒತ್ತಡ ಸಾಮಾನ್ಯವಾಗಿ ವಾಯುಮಂಡಲದ ಒತ್ತಡದ 200 ಮಡಿ. ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಮ್ ಭಾರ! ಇದನ್ನು ತಡೆಯುವುದು ತುಂಬುವ ಬಾಯಿಯೊಳಗಿನ ಒಂದು ಏಕಮುಖ ಕವಾಟ ಮತ್ತು ಬಳೆಯಂಥ ಪುಟ್ಟ ರಬ್ಬರಿನ ಉಂಗುರ.

ಮೆತ್ತನೆಯ ರಬ್ಬರು ಇಷ್ಟು ಒತ್ತಡವನ್ನು ಹೇಗೆ ತಾಳೀತು? ಗಾಳಿಯೇ ಉಂಗುರವನ್ನು ಅದರ ತೋಡಿನ ಗೋಡೆಗೆ ಅವುಚಿ ಸಂದನ್ನು ಮುಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ ಹೆಚ್ಚು. ಕಳ್ಳನನ್ನೇ ಕಾವಲಿಗೆ ನಿಲ್ಲಿಸಿದಂತೆ! ಆದರೆ ಒಂದು ಮರಳಿನ ಕಣವೋ ಗೀರೋ ಇದ್ದರೆ ಸಾಕು, ಸೋರಿಕೆ ತೊಡಗುತ್ತದೆ.

ಮಾಪಕದ ಮುಳ್ಳು ಇಳಿದೊಡನೆ ಸೋರಿಕೆಯೆನ್ನಲಾಗದು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 200 ಇದ್ದ ಒತ್ತಡ 20 ಡಿಗ್ರಿಗೆ ತಣಿದಾಗ, 293ಕ್ಕೂ 303ಕ್ಕೂ ಇರುವ ಪ್ರಮಾಣದಲ್ಲಿ, ಸುಮಾರು 193ಕ್ಕೆ ಇಳಿಯಲೇಬೇಕು. ಸಂದೇಹ ಉಳಿದರೆ ಬಾಯಿಗೆ ಸಾಬೂನುನೀರು ಸವರಿ ನೋಡೋಣ. ತುಂಬುನಳಿಕೆಯ ಗಾಳಿ ಬಿಟ್ಟು ಅದನ್ನು ಕಳಚಿದ ಮೇಲೂ ಗುಳ್ಳೆಗಳೆದ್ದರೆ ದೋಷ ಕವಾಟದ್ದು. ತುಂಬುವಾಗ ಮಾತ್ರ ಎದ್ದರೆ ಜೋಡಣೆಯ ಉಂಗುರದ್ದು.

ದುರಸ್ತಿ ನುರಿತವರ ಕೆಲಸ. ಕೋವಿಯ ಗಾಳಿಯೆಲ್ಲ ಹೊರಹೋಗುವ ತನಕ ಯಾವ ತಿರುಪನ್ನೂ ಮುಟ್ಟಕೂಡದು: 6 ಮಿಲಿಮೀಟರ್ ವ್ಯಾಸದ ಬಿರಡೆಯನ್ನು ಕೂಡ ಅದು ಸುಮಾರು 57 ಕಿಲೋಗ್ರಾಮ್ ಭಾರದಷ್ಟು ಬಲದಿಂದ ನೂಕುತ್ತಿರುತ್ತದೆ. ತೋಡನ್ನು ಒರೆಸಿ, ಅದೇ ಅಳತೆಯ ಹೊಸ ಉಂಗುರಕ್ಕೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ ಕೂರಿಸಬೇಕು. ಖನಿಜತೈಲ ಸಲ್ಲದು, ಹಠಾತ್ತನೆ ಅದುಮಿದ ಗಾಳಿ ಕಾದು, ಡೀಸೆಲ್ ಯಂತ್ರದಲ್ಲಾಗುವಂತೆ, ಎಣ್ಣೆ ಹೊತ್ತಿಕೊಳ್ಳಬಹುದು.