ಟರ್ಬೊ ಕಾರಿನ ಬಿಸಿ ಗಾಳಿಯನ್ನು ಎಲ್ಲಿ ತಣಿಸಬೇಕು?

ಸೈಕಲ್ಲಿಗೆ ಗಾಳಿ ಹೊಡೆದ ಕೂಡಲೇ ಪಂಪಿನ ಬುಡ ಮುಟ್ಟಿ ನೋಡಿದ್ದೀರಾ? ಬಿಸಿಯಾಗಿರುತ್ತದೆ. ತಿಕ್ಕಾಟದಿಂದ ಬಿಸಿಯಾಯಿತು ಅಂತ ಬಹಳ ಮಂದಿ ಹೇಳುತ್ತಾರೆ. ಅದು ಸ್ವಲ್ಪ ಮಟ್ಟಿಗೆ ನಿಜ. ಆದರೆ ಮುಖ್ಯ ಕಾರಣ ಬೇರೆ. ಗಾಳಿಯನ್ನು ಒತ್ತಲು ನಿಮ್ಮ ಕೈ ಮಾಡಿದ ಕೆಲಸವೆಲ್ಲ ಗಾಳಿಯ ಆಂತರಿಕ ಶಕ್ತಿಯಾಗಿ ಸೇರಿ ಅದರ ತಾಪವನ್ನು ಏರಿಸುತ್ತದೆ.

ಟರ್ಬೊ ಅಂದ್ರೆ ಇಂಥದ್ದೇ ಒಂದು ಪಂಪು. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಹೆಚ್ಚು ಗಾಳಿ ಒಳಗೆ ಹೋದರೆ ಹೆಚ್ಚು ಆಮ್ಲಜನಕ, ಹೆಚ್ಚು ಇಂಧನ ಸುಡಬಹುದು, ಹೆಚ್ಚು ಬಲ ಸಿಗುತ್ತದೆ.

ಲೆಕ್ಕ ಮಾಡಿ ನೋಡೋಣ. ಕೊರ್ತಾಲಿಮ್‌ನಲ್ಲಿ ಮಧ್ಯಾಹ್ನದ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದೆ ಅಂದುಕೊಳ್ಳಿ. ಅಂದ್ರೆ 303 ಕೆಲ್ವಿನ್. ಟರ್ಬೊ ಅದರ ಒತ್ತಡವನ್ನು ಎರಡು ಪಟ್ಟು ಮಾಡಿತು. ಟರ್ಬೊದ ದಕ್ಷತೆ ಶೇಕಡಾ 70 ಇದ್ದರೆ ಹೊರಬರುವ ಗಾಳಿ ಸುಮಾರು 125 ಡಿಗ್ರಿ, ಅಂದ್ರೆ 398 ಕೆಲ್ವಿನ್. ಕುದಿಯುವ ನೀರಿಗಿಂತ ಬಿಸಿ! ಒಂದೇ ಗಾತ್ರದ ಜಾಗದಲ್ಲಿ ಹಿಡಿಯುವ ಗಾಳಿ ಒತ್ತಡ ಹೆಚ್ಚಿದಷ್ಟೂ ಹೆಚ್ಚುತ್ತದೆ, ಕೆಲ್ವಿನ್ ತಾಪ ಏರಿದಷ್ಟೂ ಇಳಿಯುತ್ತದೆ. ಹಾಗಾಗಿ 2 × 303 ÷ 398 = 1.52. ಒತ್ತಡ ಎರಡು ಪಟ್ಟಾದರೂ ಗಾಳಿ ಸಿಕ್ಕಿದ್ದು ಒಂದೂವರೆ ಪಟ್ಟು ಮಾತ್ರ. ಇಷ್ಟೇ ಆದರೆ ಪರವಾಗಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ತೀರಾ ಬಿಸಿಯಾದರೆ, ಕಿಡಿಯಿಂದ ಹಬ್ಬುವ ಉರಿ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಟಕಟಕ ಸದ್ದು ಕೇಳಿಸುತ್ತದೆ. ಹಾಗೇ ಓಡಿಸುತ್ತಿದ್ದರೆ ಪಿಸ್ಟನ್ನೇ ಹಾಳು.

ಅದಕ್ಕೇ ನಡುವೆ ಇಂಟರ್‌ಕೂಲರ್ ಇಡುತ್ತಾರೆ. ರೇಡಿಯೇಟರಿನ ತಮ್ಮ ಅನ್ನಿ. ಒಳಗೆ ಬಿಸಿ ಗಾಳಿ ಹರಿಯುತ್ತದೆ, ಹೊರಗೆ ತಣ್ಣನೆ ಗಾಳಿ ಬೀಸುತ್ತದೆ. 125 ಡಿಗ್ರಿಯ ಗಾಳಿ 50 ಡಿಗ್ರಿಗೆ ಇಳಿಯಿತು ಎನ್ನೋಣ. ಕಿರಿದಾದ ಸಂದುಗಳಲ್ಲಿ ನುಸುಳುವಾಗ ಒತ್ತಡ ಸ್ವಲ್ಪ ಕಳೆದುಹೋಗಿ 2ರ ಬದಲು 1.9 ಉಳಿಯಿತು. ಈಗ 1.9 × 303 ÷ 323 = 1.78. ಒತ್ತಡದಲ್ಲಿ ನಷ್ಟವಾದರೂ ಗಾಳಿಯಲ್ಲಿ ಲಾಭವೇ.

ಇನ್ನು ಅದನ್ನು ಎಲ್ಲಿಡಬೇಕು? ಜಗಳ ಶುರುವಾಗುವುದು ಇಲ್ಲಿ.

ಹಳೆಯ ಫಾರ್ಚುನರ್ ಡೀಸೆಲ್ ಗಾಡಿಯ ಬಾನೆಟ್ ಮೇಲೆ ಬಾಯಿ ತೆರೆದಂಥ ಕಿಂಡಿ ನೋಡಿದ್ದೀರಲ್ಲ? ಅದು ಅಲಂಕಾರಕ್ಕಲ್ಲ. ಅದರ ಕೆಳಗೆ ಎಂಜಿನ್ನಿನ ನೆತ್ತಿಯ ಮೇಲೆ ಇಂಟರ್‌ಕೂಲರ್ ಇದೆ. ಪೈಪು ಚಿಕ್ಕದು, ಒತ್ತಡದ ನಷ್ಟ ಕಡಿಮೆ. ಗಾಡಿ ಓಡುತ್ತಿರುವ ತನಕ ಎಲ್ಲ ಚೆಂದ. ಪಣಜಿ, ವಾಸ್ಕೊ, ಮಡಗಾಂವ ರಸ್ತೆಗಳು ಕೂಡುವ ಕೊರ್ತಾಲಿಮ್‌ನಲ್ಲಿ, ಹಳೆಯ ಜುವಾರಿ ಸೇತುವೆ ಒಂದೇ ಇದ್ದ ದಿನಗಳಲ್ಲಿ ವಾಹನಗಳ ಸಾಲು ನಿಂತುಬಿಡುತ್ತಿತ್ತು. 2022ರ ಡಿಸೆಂಬರಿನಲ್ಲಿ ಹೊಸ ಸೇತುವೆಯ ಒಂದು ಭಾಗ ತೆರೆದ ಮೇಲೆಯೇ ಕಷ್ಟ ಇಳಿದದ್ದು. ಅಂಥ ಸಾಲಿನಲ್ಲಿ ನಿಂತಾಗ ಕಿಂಡಿಯಿಂದ ಗಾಳಿ ಬರುವುದಿಲ್ಲ. ಕೆಳಗಿನ ಎಂಜಿನ್ನಿನ ಕಾವು ಮೇಲೇರಿ ಇಂಟರ್‌ಕೂಲರನ್ನೇ ಕಾಯಿಸುತ್ತದೆ. ತಣಿಸಬೇಕಾದದ್ದೇ ಕಾದು ಕೂತಿರುತ್ತದೆ. ಸಾಲು ಬಿಟ್ಟ ಮೇಲೆ ಸ್ವಲ್ಪ ಹೊತ್ತು ಗಾಡಿ ಮಂಕು.

ಹಾಗಾಗಿ ಕಾರು ಮಾರ್ಪಡಿಸುವವರು ಅದನ್ನು ಮುಂದೆ, ಬಂಪರಿನ ಹಿಂದೆ ತಂದು ಕೂರಿಸುತ್ತಾರೆ. (ನೋಂದಣಿ ಪತ್ರದಲ್ಲಿರುವ ವಿವರ ತಪ್ಪುವಂತೆ ವಾಹನ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಅಣ್ಣಂದಿರಿಗೂ ತಿಳಿಸಿ!) ಮುಂದೆ ಇಟ್ಟರೆ ಹೊರಗಿನ ಗಾಳಿ ಮೊದಲು ಅದಕ್ಕೇ ಸಿಗುತ್ತದೆ. ಆದರೆ ಪೈಪು ಉದ್ದ, ಅದು ತುಂಬುವ ತನಕ ಬಲ ಬರುವುದು ತಡ ಎನ್ನುತ್ತಾರೆ. ಈ ಮಾತು ಎಷ್ಟು ನಿಜ? 1.5 ಲೀಟರಿನ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸೆಕೆಂಡಿಗೆ 25 ಲೀಟರ್ ಎಳೆದುಕೊಳ್ಳುತ್ತದೆ. ಪೈಪು, ಕೂಲರ್ ಸೇರಿ 6 ಲೀಟರ್ ಇದ್ದರೆ ಅದು ಎಂಜಿನ್ನಿನ ಕಾಲು ಸೆಕೆಂಡಿನ ಊಟ, ಅಷ್ಟೇ. ತಡವಾಗುವುದು ಬಹುಪಾಲು ಟರ್ಬೊದ ಚಕ್ರ ವೇಗ ಪಡೆಯುವುದರಲ್ಲಿ. ನನ್ನ ಕೇಳಿದರೆ, ಪೈಪಿನ ಉದ್ದದ ಬಗ್ಗೆ ಗ್ಯಾರೇಜುಗಳಲ್ಲಿ ಆಗುವ ವಾದ ಅಳತೆಗಿಂತ ದೊಡ್ಡದು.

ನಿಜವಾದ ತೊಂದರೆ ಹಿಂದೆ ನಿಂತಿದೆ. ಇದೇ ಎಂಜಿನ್ 4000 ಸುತ್ತಿನಲ್ಲಿ ದುಡಿಯುವಾಗ ಮೇಲಿನ ಲೆಕ್ಕದಂತೆ ಇಂಟರ್‌ಕೂಲರ್ ಹೊರಹಾಕುವ ಶಾಖ ಸುಮಾರು 7ರಿಂದ 8 ಕಿಲೋವ್ಯಾಟ್. ಹೆಚ್ಚುಕಡಿಮೆ ನಾಲ್ಕು ಗೀಸರಿನಷ್ಟು. ಆ ಕಾವು ಎಲ್ಲಿಗೆ ಹೋಗುತ್ತದೆ? ಹಿಂದಿರುವ ಎ.ಸಿ. ಕಂಡೆನ್ಸರಿಗೆ, ಅದರ ಹಿಂದಿನ ರೇಡಿಯೇಟರಿಗೆ! ಸಾಲದ್ದಕ್ಕೆ ದಪ್ಪ ಕೂಲರ್ ಗಾಳಿಯನ್ನು ಅಡ್ಡಗಟ್ಟುತ್ತದೆ ಕೂಡ. ಸಮುದ್ರದ ಬದಿಯ ಸಮತಟ್ಟು ರಸ್ತೆಯಲ್ಲಿ ಇದು ಗೊತ್ತಾಗದು. ಮೊಲೆಮ್ ದಾಟಿ ಅನಮೋಡ ಘಾಟಿ ಹತ್ತುವಾಗ ನೋಡಿ: ಎಂಜಿನ್ನಿಗೆ ಪೂರ್ತಿ ಕೆಲಸ, ಎದುರು ಗಾಳಿ ಕಡಿಮೆ, ಎ.ಸಿ. ಬೇರೆ. ಒಳಗಿನ ಗಾಳಿ ತಣ್ಣಗೆ, ರೇಡಿಯೇಟರಿನ ನೀರು ಮಾತ್ರ ಕುದಿಯಲು ತಯಾರು.

ನೀರಿನಿಂದ ತಣಿಸುವ ಇಂಟರ್‌ಕೂಲರ್‌ಗಳೂ ಇವೆ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಹಿಡಿಯುವ ಶಾಖ, ಅಷ್ಟೇ ಗಾತ್ರದ ಗಾಳಿ ಹಿಡಿಯುವುದಕ್ಕಿಂತ ಸುಮಾರು 3,500 ಪಟ್ಟು. ಆದ್ದರಿಂದ ಕೂಲರ್ ಚಿಕ್ಕದಾದರೂ ನಡೆಯುತ್ತದೆ, ಎಲ್ಲಿ ಬೇಕಾದರೂ ಇಡಬಹುದು. ಆದರೆ ಆ ನೀರನ್ನು ತಣಿಸಲು ಇನ್ನೊಂದು ಪಂಪು, ಇನ್ನೊಂದು ರೇಡಿಯೇಟರ್ ಬೇಕು. ಅದನ್ನು ಎಲ್ಲಿಡುತ್ತೀರಿ? ಮತ್ತೆ ಮುಂದೆಯೇ!

ಕರಾವಳಿಯವರಿಗೆ ಮಾತ್ರ ಕಾಣುವ ಒಂದು ತಮಾಷೆಯೂ ಇದೆ. ಮಳೆಗಾಲದಲ್ಲಿ 28 ಡಿಗ್ರಿ ತಾಪ, ಶೇಕಡಾ 90 ಆರ್ದ್ರತೆ ಇರುವ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಅದರಲ್ಲಿನ ನೀರಾವಿಯ ಒತ್ತಡವೂ ಎರಡು ಪಟ್ಟಾಗುತ್ತದೆ. ಆಗ ಇಬ್ಬನಿ ಕಟ್ಟುವ ತಾಪ ಸುಮಾರು 38 ಡಿಗ್ರಿಗೆ ಏರುತ್ತದೆ. ಕೂಲರ್ ಅದಕ್ಕಿಂತ ಕೆಳಗೆ ತಣಿಸಿದರೆ ಒಳಗೇ ನೀರ ಹನಿ ಕಟ್ಟುತ್ತದೆ.

ಈಗ ನಿಮ್ಮ ಸರದಿ. ಹೊರಗಿನ ಗಾಳಿ 36 ಡಿಗ್ರಿ, ಟರ್ಬೊದ ಒತ್ತಡ 1.6 ಪಟ್ಟು. ದಪ್ಪನೆಯ ಕೂಲರ್ ಗಾಳಿಯನ್ನು 50 ಡಿಗ್ರಿಗೆ ಇಳಿಸುತ್ತದೆ, ಆದರೆ ಒತ್ತಡ 1.4ಕ್ಕೆ ಬೀಳುತ್ತದೆ. ತೆಳ್ಳನೆಯದು 60 ಡಿಗ್ರಿಗೆ ಮಾತ್ರ ಇಳಿಸುತ್ತದೆ, ಒತ್ತಡ 1.55 ಉಳಿಯುತ್ತದೆ. ಯಾವುದರಿಂದ ಎಂಜಿನ್ನಿಗೆ ಹೆಚ್ಚು ಗಾಳಿ ಸಿಗುತ್ತದೆ? ಕೆಲ್ವಿನ್‌ಗೆ ಬದಲಾಯಿಸಲು ಮರೆಯಬೇಡಿ.